ಬಿಐಎಸ್ ಕೇರ್ ಆ್ಯಪ್: ಕಟ್ಟಡ ಸೈಟಿನ ಸೇಫ್ಟಿ ಕೆಲಸಕ್ಕೆ ಎಷ್ಟು ಒದಗುತ್ತದೆ?

ಬಹುಕಾಲ ಬಳಸಿದ ಮೇಲಿನ ಅಭಿಪ್ರಾಯ: ಹೆಲ್ಮೆಟ್, ಹಾರ್ನೆಸ್‌ (ಎತ್ತರದಿಂದ ಬೀಳದಂತೆ ಮೈಗೆ ಕಟ್ಟುವ ಪಟ್ಟಿ) ಇಂಥ ಸಾಮಾನು ಸೈಟಿಗೆ ಬಂದಿಳಿದಾಗ ಪರೀಕ್ಷಿಸಲು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಈ ಉಚಿತ ಆ್ಯಪ್ ಬೇಕೇ ಬೇಕು. ಕಾನೂನು ಬದಲಾದದ್ದನ್ನು ಮಾತ್ರ ಇದು ತಿಳಿಸುವುದಿಲ್ಲ.

ಐಎಸ್‌ಐ ಮುದ್ರೆಯ ಮೇಲ್ಗಡೆ ಮಾನಕದ (ಸ್ಟ್ಯಾಂಡರ್ಡ್) ಸಂಖ್ಯೆ, ಕೆಳಗೆ ಸಿಎಂ/ಎಲ್ ನಂಬರು, ಅಂದರೆ ತಯಾರಕರ ಲೈಸೆನ್ಸ್ ಸಂಖ್ಯೆ ಇರುತ್ತದೆ. 'ವೆರಿಫೈ ಲೈಸೆನ್ಸ್ ಡೀಟೇಲ್ಸ್' ಒತ್ತಿ ಆ ನಂಬರು ಹಾಕಿದರೆ ತಯಾರಕರ ವಿವರ, ಲೈಸೆನ್ಸಿನ ಸ್ಥಿತಿ ಕಾಣುತ್ತದೆ. ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದು ಕಂಡಕೂಡಲೇ ಚಲನ್‌ಗೆ ಸಹಿ ಹಾಕಬೇಡಿ. ನಕಲಿ ಮಾಲಿನ ಮೇಲೆ ಬೇರೆ ಕಂಪನಿಯ ಅಸಲಿ ನಂಬರನ್ನೇ ಅಚ್ಚು ಹಾಕಿದ್ದರೂ ಆ್ಯಪ್ ಅದನ್ನು ಸರಿಯೆಂದೇ ತೋರಿಸುತ್ತದೆ. ತಯಾರಕರ ಹೆಸರು ಮತ್ತು ಮಾನಕ ಎರಡೂ ತಾಳೆಯಾಗಬೇಕು: ಹೆಲ್ಮೆಟ್‌ಗೆ ಐಎಸ್ 2925, ಹಾರ್ನೆಸ್‌ಗೆ ಐಎಸ್ 3521. ತಯಾರಾದ ತಾರೀಕು ಲೈಸೆನ್ಸಿನ ಅವಧಿಯೊಳಗೆ ಬರುತ್ತದೆಯೇ ಎಂದೂ ನೋಡಿ.

'ನೋ ಯುವರ್ ಸ್ಟ್ಯಾಂಡರ್ಡ್ಸ್' ವಿಭಾಗವನ್ನು ಹೆಚ್ಚಿನವರು ತೆರೆಯುವುದೇ ಇಲ್ಲ, ನನಗೆ ಆ್ಯಪ್‌ನ ನಿಜವಾದ ಬೆಲೆ ಅಲ್ಲಿದೆ. ಹಾರ್ನೆಸ್‌ನ 1999ರ ಮಾನಕ 2021ರಲ್ಲಿ ಪರಿಷ್ಕೃತವಾಗಿ ಭಾಗಗಳಾಗಿ ಬಂತು. ಹಳೆಯ ಟೆಂಡರ್ ನಕಲು ಮಾಡಿದ ಪರ್ಚೇಸ್ ಆರ್ಡರಿನಲ್ಲಿ 1999 ಎಂದೇ ಉಳಿದರೆ ಸರಬರಾಜುದಾರ ಹಳೆ ಸ್ಟಾಕ್ ಕಳಿಸಿದರೂ ಆಕ್ಷೇಪಿಸಲು ನಿಮಗೆ ದಾರಿಯಿಲ್ಲ. ಆರ್ಡರ್ ಹಾಕುವ ದಿನವೇ ಹುಡುಕಿ, ಮಾನಕದ ಭಾಗ ಮತ್ತು ವರ್ಷ ಎರಡನ್ನೂ ಬರೆಯಿರಿ. ಲ್ಯಾನ್ಯಾರ್ಡ್‌ನ (ಹಾರ್ನೆಸ್ಸನ್ನು ಆಧಾರಕ್ಕೆ ಜೋಡಿಸುವ ಹಗ್ಗ) ಗುರುತನ್ನು ಬೇರೆಯಾಗಿಯೇ ಪರೀಕ್ಷಿಸಿ.

ಬಳಕೆಯಿಂದ ಆದ ಸವೆತ ಯಾವ ಆ್ಯಪ್‌ಗೂ ಕಾಣದು. ವೆಬ್ಬಿಂಗ್‌ನಲ್ಲಿ (ಹಾರ್ನೆಸ್‌ನ ನೇಯ್ದ ಪಟ್ಟಿ) ಕಚ್ಚು, ವೆಲ್ಡಿಂಗ್ ಕಿಡಿಯ ಸುಟ್ಟ ಕಲೆ, ಬಿಚ್ಚಿದ ಹೊಲಿಗೆ, ತಾನಾಗಿ ಮುಚ್ಚದ ಹುಕ್ ಕಂಡರೆ ಪಕ್ಕಕ್ಕಿಡಿ. ಒಮ್ಮೆ ಬೀಳುವವರನ್ನು ತಡೆದ ಶಾಕ್ ಅಬ್ಸಾರ್ಬರ್ (ಬಿದ್ದಾಗಿನ ಜಗ್ಗನ್ನು ತಗ್ಗಿಸುವ ಭಾಗ) ಮತ್ತೆ ಕೆಲಸಕ್ಕಿಲ್ಲ. ಯಾರೂ ಎತ್ತಿಕೊಳ್ಳದಂತೆ ಕತ್ತರಿಸಿಯೇ ಬಿಸಾಡಿ.

ಇನ್ನು ಕಾನೂನು. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತಾ ಸಂಹಿತೆ 2020 ಜಾರಿಯಲ್ಲಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ 500 ಕಾರ್ಮಿಕರಿದ್ದರೆ ಸೇಫ್ಟಿ ಆಫೀಸರ್ ಕಡ್ಡಾಯವಿತ್ತು, ಸಂಹಿತೆಯಲ್ಲಿ ಕಟ್ಟಡ ಕೆಲಸಕ್ಕೆ ಅದು 250. ನಡುಗಾತ್ರದ ಅಪಾರ್ಟ್‌ಮೆಂಟ್ ಸೈಟುಗಳಿಗೆ ದೊಡ್ಡ ಬದಲಾವಣೆ ಇದೇ, ಆದರೆ ಆ್ಯಪ್‌ನಲ್ಲಿ ಇದರ ಸುಳಿವಿಲ್ಲ. ಅದಕ್ಕೆ ಕೇಂದ್ರದ ಇ-ಗೆಜೆಟ್ ಮತ್ತು ರಾಜ್ಯ ಕಾರ್ಮಿಕ ಇಲಾಖೆಯ ಅಧಿಸೂಚನೆಗಳನ್ನೇ ನೋಡಬೇಕು. ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಬಂದರೆ ಮೊದಲ ಪುಟದಲ್ಲಿ 'ಕರಡು' ಎಂದಿದೆಯೇ, ಆಕ್ಷೇಪಣೆಗೆ ದಿನ ಕೊಟ್ಟಿದ್ದಾರೆಯೇ ನೋಡಿ. ಹಾಗಿದ್ದರೆ ಅದು ಇನ್ನೂ ನಿಯಮವಾಗಿಲ್ಲ, ಅದನ್ನು ನಂಬಿ ರಿಜಿಸ್ಟರ್‌ಗಳ ನಮೂನೆ ಬದಲಿಸಬೇಡಿ.