ಆಗುಂಬೆ ಕಾಡು ನಡಿಗೆ: ಕಾಳಿಂಗ ಕಾಣಲಿಲ್ಲ, ಮರ ಕಂಡವು

ಅಕ್ಟೋಬರ್ ರಜೆಯಲ್ಲಿ ಆಗುಂಬೆ ಹತ್ತಿರದ ಒಂದು ಹೋಂಸ್ಟೇಯಲ್ಲಿ ಎರಡು ದಿನ ಇದ್ದೆವು. ರೂಮು ಸುಮಾರು, ಕಡುಬು ಚೆನ್ನಾಗಿತ್ತು. ನಾನು ಹೇಳಬೇಕಿರುವುದು ಅವರ ಮೂರು ಗಂಟೆಯ ಕಾಡು ನಡಿಗೆಯ ಬಗ್ಗೆ. ತಲೆಗೆ 600 ರೂಪಾಯಿ.

ಮೊದಲು ಬೈಗುಳ. ಎಂಟೇ ಜನ ಅಂದಿದ್ದರು, ಬೆಳಿಗ್ಗೆ ನೋಡಿದರೆ ಹದಿನಾಲ್ಕು, ಅದರಲ್ಲಿ ಇಬ್ಬರ ಮೊಬೈಲಿನಲ್ಲಿ ಹಾಡು ಬೇರೆ. ಇಂಬಳಕ್ಕೆ ಕಾಲುಚೀಲ ಕೊಡುತ್ತೇವೆ ಅಂದವರು ಕೊನೆಗೆ ಕೊಟ್ಟದ್ದು ಒಂದು ಪೊಟ್ಟಣ ಉಪ್ಪು. ಫೋನಿನಲ್ಲಿ ಆಸೆ ತೋರಿಸಿದ್ದ ಕಾಳಿಂಗ ಸರ್ಪ ಬಾಲವನ್ನೂ ತೋರಿಸಲಿಲ್ಲ.

ಆದರೂ ದುಡ್ಡು ವಸೂಲಾಯಿತು, ಕರೆದುಕೊಂಡು ಹೋದ ಹಿರಿಯರಿಂದ. ತೋಟದ ಹಿಂದಿನ ಕಾನಿನಲ್ಲಿ ಹಗ್ಗ ಹಿಡಿದು ಇಪ್ಪತ್ತು ಹೆಜ್ಜೆಯ ಚೌಕ ಮಾಡಿ, "ಇದರೊಳಗೆ ಎಷ್ಟು ಜಾತಿ ಮರ ಉಂಟು, ಹೇಳಿ ನೋಡುವ" ಅಂದರು. ನಮಗೆ ಎಲ್ಲವೂ ಪಾಚಿ ಹಿಡಿದ ಕಂಬ. ಮೂರೋ ನಾಲ್ಕೋ ಅಂದೆವು. ಅವರು ಒಂದೊಂದನ್ನೇ ಮುಟ್ಟುತ್ತಾ ಹೋದರು: ಬಲಗಿ, ಹೈಗ, ಧೂಪ, ಹೆಬ್ಬಲಸು, ರಾಮಪತ್ರೆ, ಉಪ್ಪಾಗೆ... ಹದಿಮೂರು! ಬಲಗಿ ಮಾತ್ರ ಆರು, ಉಳಿದವು ಒಂದೋ ಎರಡೋ. ಅರಿಶಿನಗುರ್ಗಿಯ ಎಲೆ ಮುರಿದು ನನ್ನ ಅಂಗೈಗೆ ಒತ್ತಿದರು, ಹಳದಿ ಹಾಲು ಅಂಟಿಕೊಂಡಿತು, ಸಂಜೆ ಸೋಪು ಹಾಕಿ ತಿಕ್ಕಿದರೂ ಕಲೆ ಹಾಗೇ ಇತ್ತು.

ಆಮೇಲೆ ದೊಡ್ಡ ಧೂಪದ ಬುಡಕ್ಕೆ ಹೋದೆವು. ಕಾಲಿಡಲು ಜಾಗವಿಲ್ಲದಷ್ಟು ಸಸಿ. ಬಗ್ಗಿ ನೋಡಿದರೆ ಎಲೆ ತುಂಬಾ ತೂತು, ಕೆಲವು ಬುಡದಲ್ಲೇ ಕೊಳೆತಿದ್ದವು. "ತಾಯಿ ಬುಡದಲ್ಲಿ ಏಳುವುದು ಕಷ್ಟ ಮಾರಾಯ್ರೇ, ದೂರ ಹೋದದ್ದು ಬದುಕುತ್ತದೆ" ಅಂದರು. ರಾಮಪತ್ರೆ ಬೀಜವನ್ನು ಮಂಗಟ್ಟೆ ಹಕ್ಕಿ ನುಂಗಿ ದೂರ ಉಗುಳುತ್ತದಲ್ವಾ, ಹಾಗೆ ದೂರ ಹೋದದ್ದು ಅಂತ ಅವರೇ ವಿವರಿಸಿದರು. ಮನೆಗೆ ಬಂದು ಓದಿದರೆ, 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನೇ ಬರೆದಿದ್ದಾರೆ! ಒಂದೇ ಜಾತಿಯ ಮರವನ್ನು ಹುಡುಕಿ ತಿನ್ನುವ ಹುಳು, ಬೂಸ್ಟು ಅದರ ಸುತ್ತಲೇ ಜಾಸ್ತಿ ಇರುತ್ತವೆ, ಬುಡದಲ್ಲಿ ಹುಟ್ಟಿದ ಸಸಿಗಳು ಸಾಯುತ್ತವೆ, ಆ ಜಾಗ ಬೇರೆ ಜಾತಿಗೆ ಸಿಗುತ್ತದೆ. ಉಷ್ಣವಲಯದ ಮಳೆಕಾಡಿನಲ್ಲಿ ಇಷ್ಟೊಂದು ಜಾತಿ ಒಟ್ಟಿಗಿರುವುದಕ್ಕೆ ಇದೂ ಒಂದು ಕಾರಣವಂತೆ.

ಊಟದ ಹಾಲಿನಲ್ಲಿ "ಪ್ರಪಂಚದಲ್ಲೇ ಅತಿ ಹೆಚ್ಚು ಜಾತಿಯ ಮರಗಳ ಕಾಡು" ಅಂತ ಬೋರ್ಡ್ ಹಾಕಿದ್ದಾರೆ, ಅದು ಸುಮ್ನೆ. ಮಲೇಷ್ಯಾದ ಲಂಬೀರ್‌ನಲ್ಲಿ 52 ಹೆಕ್ಟೇರ್ ಕಾಡಿನಲ್ಲೇ 1,100ಕ್ಕೂ ಜಾಸ್ತಿ ಜಾತಿ ಸಿಕ್ಕಿವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬಂದರೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಒಣಹವೆ. ಅದನ್ನು ತಡೆದುಕೊಳ್ಳುವ ಮರಗಳೇ ಇಲ್ಲಿ ಉಳಿಯುವುದು, ಹಾಗಾಗಿ ಅಲ್ಲಿನಷ್ಟು ಜಾತಿ ಇಲ್ಲಿಲ್ಲ.

ಆ ಕಡೆ ಇಂಥ ನಡಿಗೆ ಹಲವರು ಮಾಡಿಸುತ್ತಾರೆ. ಬುಕ್ ಮಾಡುವಾಗ ಕಾಳಿಂಗದ ಬಗ್ಗೆ ಕೇಳಬೇಡಿ, "ಮರದ ಹೆಸರು ಗೊತ್ತಿರುವವರು ಬರುತ್ತಾರಾ" ಅಂತ ಕೇಳಿ. ಶನಿವಾರ, ಭಾನುವಾರ ಬೇಡ. ಕಾಲುಚೀಲ ನೀವೇ ಒಯ್ಯಿರಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ಮೊಬೈಲ್ ಹಾಡಿಗೆ.