ಗೀಜರ್ ರಿಪೇರಿಗೆ ಕರೆದ್ರೆ "ರಿಪೇರಿ ಬ್ಯಾಡ ಅಕ್ಕಾ" ಅಂದ್ರು, 5ಕ್ಕೆ 4 ಸ್ಟಾರ್

ದಾವಣಗೆರೆ ಮಂಡಿಪೇಟೆ ಹಿಂದಿನ ಗಲ್ಲಿಯಲ್ಲಿ ಮೋಟರ್, ಮಿಕ್ಸಿ, ಗೀಜರ್ ರಿಪೇರಿ ಮಾಡೋ ಸಣ್ಣ ಅಂಗಡಿ ಐತೆ, ಬೋರ್ಡ್ ಮೇಲಿನ ಅಕ್ಷರ ಬಿಸಿಲಿಗೆ ಅಳಿಸಿ ಹೋಗಿದಾವೆ, ಹೊರಗೆ ಹಳೇ ಗೀಜರ್ ಟ್ಯಾಂಕ್ ರಾಶಿ ಬಿದ್ದಿರುತ್ತೆ, ಅದೇ ಗುರುತು. ನಾಲ್ಕು ವರ್ಷದಲ್ಲಿ ಮೂರು ಸಲ ನಮ್ಮನೆಗೆ ಬಂದಾರೆ, ಮೂರನೇ ಸಲ ಅವರು ಹೇಳಿದ್ದು ಕೇಳಿ ಈ ರಿವ್ಯೂ ಬರೀಲೇಬೇಕು ಅನ್ನಿಸ್ತು.

ನಮ್ದು ನಿಟ್ಟುವಳ್ಳಿ ಕಡೆ, 15 ಲೀಟರಿನ ಗೀಜರ್, 2013ರಲ್ಲಿ ಗೃಹಪ್ರವೇಶಕ್ಕೆ ಹಾಕ್ಸಿದ್ದು. ಕಾರ್ಪೊರೇಷನ್ ನೀರು ದಿನಾ ಬರಲ್ಲ, ಬಾಕಿ ದಿನ ಬೋರ್ ನೀರೇ ಗತಿ. ಬೋರ್ ನೀರಿನ ಕಥೆ ನಮ್ ಕಡೆಯೋರಿಗೆ ಹೇಳ್ಬೇಕಾ, ನಲ್ಲಿ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತೆ, ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ.

ಮೊದಲ್ನೇ ಸಲ ನೀರು ಕಾಯೋದೇ ನಿಂತಿತ್ತು. ಇವರಿಗಿಂತ ಮುಂಚೆ ಬೇರೆ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಮುಚ್ಚಳ ಸಹಿತ ಬಿಚ್ಚಲಿಲ್ಲ, "ಎಂಟು ವರ್ಷ ಆಗೈತಲ್ಲ ಮೇಡಂ, ಹೊಸದು ತಗೊಂಡ್ಬಿಡಿ" ಅಂತ ಎಕ್ಸ್‌ಚೇಂಜ್ ಆಫರ್ ಚೀಟಿ ಕೊಟ್ಟು ಹೋದ. ಆಮೇಲೆ ಇವರನ್ನ ಕರೆದ್ವಿ. ಕೆಳಗಿನ ಪ್ಲೇಟ್ ಬಿಚ್ಚಿದ್ರೆ ಅರ್ಧ ಬಕೆಟ್ ಸುಣ್ಣದ ಚಕ್ಕೆ ಬಿತ್ತು, ನೀರು ಕಾಯಿಸೋ ಕಾಯಿಲ್ ಸುಟ್ಟು ಸೀಳಿತ್ತು. ಸುಣ್ಣ ಕಟ್ಟಿದ್ರೆ ಕರೆಂಟ್ ಸಿಕ್ಕಾಪಟ್ಟೆ ಎಳೆಯುತ್ತೆ ಅಂತ ನಾನು ಅಂದ್ಕೊಂಡಿದ್ದೆ, ಅವರು ನಕ್ಕುಬಿಟ್ರು. "ಕಾಯಿಲ್ ನೀರಾಗೇ ಮುಳುಗಿರ್ತೈತಿ ಅಕ್ಕಾ, ಕಾವು ಇನ್ನೆಲ್ಲಿಗೆ ಹೋಗ್ತೈತಿ? ಸುಣ್ಣ ಮೆತ್ಕೊಂಡು ಅದಕ್ಕೇ ಉಸಿರು ಕಟ್ಟಿ ಸುಟ್ಟು ಹೋಗ್ತೈತಿ ಅಷ್ಟೇ." ಕಾಯಿಲ್, ಗ್ಯಾಸ್ಕೆಟ್ (ಪ್ಲೇಟ್ ಸಂದಿಗೆ ಹಾಕೋ ರಬ್ಬರ್), ಕೂಲಿ ಎಲ್ಲಾ ಸೇರಿ ಸಾವಿರದ ಚಿಲ್ಲರೆ ಆಯ್ತು.

ಅವತ್ತೇ ಒಳಗಿಂದ ಇನ್ನೊಂದು ತೆಗೆದು ತೋರಿಸಿದ್ರು, ಪೆನ್ಸಿಲ್ ಸೀಸದಂಗೆ ಸವೆದ ಒಂದು ತಂತಿ. ಮೆಗ್ನೀಸಿಯಂ ರಾಡ್ ಅಂತೆ. ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಯೋ ಬದಲು ಈ ರಾಡು ತಾನೇ ಕರಗ್ತಾ ಹೋಗುತ್ತೆ, ಅದು ಮುಗಿದ್ಮೇಲೆ ಟ್ಯಾಂಕಿನ ಸರದಿ. ಎಂಟು ವರ್ಷ ಒಬ್ಬರೂ ಇದರ ಸುದ್ದಿ ಎತ್ತಿರ್ಲಿಲ್ಲ ನೋಡ್ರಿ! ಹೊಸ ರಾಡ್ ಹಾಕಿದ್ರು, ಆದ್ರೆ ತಡವಾಗೈತೆ ಅಂತ ಅವತ್ತೇ ಹೇಳಿದ್ರು.

ಎರಡನೇ ಸಲ ನಂದೇ ಗಾಬರಿ, ಗೀಜರ್ ಕೆಳಗೆ ತೊಟ್ಟು ತೊಟ್ಟು ನೀರು. ಸೇಫ್ಟಿ ವಾಲ್ವ್ ಅದು, ನೀರು ಕಾದಾಗ ಹಿಗ್ಗುತ್ತೆ, ಅಷ್ಟೊತ್ತು ನಾಲ್ಕು ಹನಿ ಬಿದ್ರೆ ವಾಲ್ವ್ ತನ್ನ ಕೆಲಸ ಮಾಡ್ತಾ ಐತೆ ಅಂತ ಅರ್ಥ, ಸ್ವಿಚ್ ಆಫ್ ಮಾಡಿದ್ರೂ ಸೋರ್ತಾನೇ ಇದ್ರೆ ಆ ವಾಲ್ವ್ ಒಂದನ್ನ ನೋಡಿಸಿದ್ರಾಯ್ತು. ಪಕ್ಕದ ಮನೆಯೋರು ಇದೇ ಹನಿ ನೋಡಿ ಹೊಸ ಗೀಜರ್ರೇ ತಂದ್ಬಿಟ್ಟಿದ್ರು, ಪಾಪ, ಅವರಿಗೆ ನಾನು ಹೇಳಕ್ಕೆ ಹೋಗ್ಲಿಲ್ಲ.

ಮೂರನೇದು ಹೋದ ಡಿಸೆಂಬರ್. ತಣ್ಣೀರು ನಲ್ಲಿಯಲ್ಲಿ ನೀರು ತಿಳಿ, ಬಿಸಿನೀರು ನಲ್ಲಿಯಲ್ಲಿ ಮಾತ್ರ ಕಂದು ಬಣ್ಣ, ಬಿಳಿ ಟವೆಲ್ ಎಲ್ಲಾ ಹಾಳು, ಜೊತೆಗೆ ಹೊರಕವಚದ ಕೆಳಗಿನ ಅಂಚಲ್ಲಿ ತೇವ. ಪೈಪ್ ಜಾಯಿಂಟ್ ಒರೆಸಿ ನೋಡಿದ್ರು, ಗ್ಯಾಸ್ಕೆಟ್ ನೋಡಿದ್ರು, ಎರಡೂ ಒಣಗಿದ್ವು. "ಟ್ಯಾಂಕೇ ತೂತಾಗೈತಿ. ರಿಪೇರಿ ಬ್ಯಾಡ ಅಕ್ಕಾ, ನಾ ಮುಟ್ಟಲ್ಲ" ಅಂದ್ರು. ವೆಲ್ಡಿಂಗ್ ಮಾಡ್ಸಿದ್ರೆ ಅಂತ ನಮ್ಮನೇವ್ರು ಕೇಳಿದ್ರು. ಒಳಗೆ ಗಾಜಿನ ಲೇಪ ಇರುತ್ತಂತೆ, ವೆಲ್ಡಿಂಗ್ ಕಾವಿಗೆ ಅದು ಕಿತ್ಕೊಂಡು ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತೆ, ಮೇಲಾಗಿ ಪ್ರೆಶರ್ ಇರೋ ಬಿಸಿನೀರು, ಕೆಳಗೆ ನಿಂತು ಮಕ್ಕಳು ಸ್ನಾನ ಮಾಡ್ತಾರೆ. ಸೋರಿದ ನೀರು ವೈರಿಗೆ ತಗುಲಿದ್ರೆ ಶಾಕ್ ಬೇರೆ, ಅದಕ್ಕೇ ಮೊದಲು ಸ್ವಿಚ್ ತೆಗೆಸಿ ಆಮೇಲೆ ಮಾತಾಡಿದ್ರು. ಬರೀ 150 ರೂಪಾಯಿ ತಗೊಂಡ್ರು. ಮೂರನೇ ಸಲಾನೂ ಏನೋ ಒಂದು ಹಚ್ಚಿ ಸಾವಿರ ಕೀಳಬಹುದಿತ್ತು, ನಮಗೆ ಗೊತ್ತೇ ಆಗ್ತಿರ್ಲಿಲ್ಲ.

ಹೊಸದು ಅವರು ಮಾರಲ್ಲ, ಆದ್ರೆ ಹೆಂಗೆ ತಗೋಬೇಕು ಅಂತ ಹೇಳಿದ್ರು. ಟ್ಯಾಂಕಿನ ವಾರಂಟಿ ಬೇರೆ, ಕಾಯಿಲ್ ವಾರಂಟಿ ಬೇರೆ ಇರುತ್ತೆ, ಎರಡೂ ಓದಿ. ಗೀಜರಿನ ಸ್ಟಾರ್ ಅಂದ್ರೆ ಕಾದ ನೀರಿನ ಬಿಸಿ ಸುಮ್ನೆ ಇದ್ದಾಗ ಎಷ್ಟು ಸೋರಿ ಹೋಗುತ್ತೆ ಅನ್ನೋ ಲೆಕ್ಕ, ಇಪ್ಪತ್ತು ನಿಮಿಷ ಹಾಕಿ ಆಫ್ ಮಾಡೋರಿಗೆ ಅದರಿಂದ ಉಳಿಯೋದು ಸ್ವಲ್ಪಾನೇ. ಗೃಹಜ್ಯೋತಿ 200 ಯೂನಿಟ್ ದಾಟೀತು ಅಂತ ನಮ್ಮನೇವ್ರಿಗೆ ಸದಾ ಮೀಟರ್ ಮೇಲೇ ಕಣ್ಣು, 15 ಲೀಟರ್ ಒಂದ್ಸಲ ಕಾಯಕ್ಕೆ ಮುಕ್ಕಾಲು ಯೂನಿಟ್ಟೂ ಬೇಡ ಅಂತ ಕೇಳಿ ಸ್ವಲ್ಪ ತಣ್ಣಗಾದ್ರು. ನೀರು ಎಷ್ಟು ಕಾಯ್ಬೇಕು ಅಂತ ಹಿಡಿತದಲ್ಲಿಡೋ ಥರ್ಮೋಸ್ಟಾಟ್ 50 ಡಿಗ್ರಿ ಹತ್ರ ಇಡಿ, ಕಾವು ಏರಿದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತೆ ಅಂದ್ರು. ಎರಡು ವರ್ಷಕ್ಕೊಮ್ಮೆ ರಾಡ್ ತೆಗೆದು ನೋಡಕ್ಕೆ ತಾವೇ ಬರ್ತೀವಿ ಅಂದಾರೆ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ "ಹತ್ತು ನಿಮಿಷ, ಬಂದೆ ಅಕ್ಕಾ" ಅಂದೋರು ಬಂದಿದ್ದು ಮಾರನೇ ದಿನ ಮಧ್ಯಾಹ್ನ. ಆ ಚಳಿಯಲ್ಲಿ ಅತ್ತೆ ಅಟ್ಟದಿಂದ ತಾಮ್ರದ ಹಂಡೆ ಇಳಿಸಿ ಹಿತ್ತಲಲ್ಲಿ ಮೂರು ಕಲ್ಲಿಟ್ಟು ನೀರು ಕಾಯಿಸಿದ್ರು, ಮನೆಯೆಲ್ಲಾ ಹೊಗೆ. ಫೋನ್ ನಂಬ್ಕೋಬೇಡಿ, ಸಂಜೆ ಏಳರ ಮೇಲೆ ಅಂಗಡಿಗೇ ಹೋದ್ರೆ ಸಿಗ್ತಾರೆ, ಭಾನುವಾರ ರಜೆ.