ಫೆಂಡರ್ ರಂಬಲ್ 40 ಆಂಪ್, ಬಾಸ್ ಕಂಪನಿಯ ಟ್ಯೂನರ್ ಪೆಡಲ್: ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವನ ವಿಮರ್ಶೆ

ನಾನು ಬೇಸ್ ಗಿಟಾರ್ ನುಡಿಸುವುದು ಆರ್ಕೆಸ್ಟ್ರಾದಲ್ಲಿ. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಮದುವೆ ಆರತಕ್ಷತೆ, ಹೀಗೆ. ವಾರದ ದಿನಗಳಲ್ಲಿ ಬೇರೆ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೆಟಲ್ ಬ್ಯಾಂಡ್‌ನಲ್ಲಿ ನುಡಿಸುವವರಿಗೆ ನನ್ನ ಮಾತು ಪೂರ್ತಿ ತಲೆಕೆಳಗಾಗಿ ಕಾಣಬಹುದು. ಫೆಂಡರ್ ರಂಬಲ್ 40, ಅಂದರೆ ಬೇಸ್‌ನ ಸದ್ದನ್ನು ದೊಡ್ಡದು ಮಾಡುವ ಈ ಆಂಪ್, ನನ್ನ ಹತ್ತಿರ ಕೆಲವು ವರ್ಷಗಳಿಂದ ಇದೆ. ಅದರ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಬರೆಯುತ್ತಾ ಹೋದ ಹಾಗೆ ಮಾತೆಲ್ಲ ಕಾಲಲ್ಲಿ ಒತ್ತಿ ಶ್ರುತಿ ನೋಡುವ ಟ್ಯೂನರ್ ಪೆಡಲ್ ಕಡೆಗೇ ಎಳೆಯುತ್ತಿದೆ, ಇರಲಿ.

ರಂಬಲ್ 40ರ ವಿವರ ಎಲ್ಲಿ ಹುಡುಕಿದರೂ ಸಿಗುತ್ತದೆ. ನನಗೆ ಬೇಕಾಗಿದ್ದು ಒಂದೇ ಅಂಕಿ, ಅದರ ತೂಕ. ಎಂಟು ಕೆಜಿ ಚಿಲ್ಲರೆ. ಸ್ಕೂಟರ್‌ನಲ್ಲಿ ಕಾಲಿಡುವ ಜಾಗದಲ್ಲಿ ಅಡ್ಡ ಇಟ್ಟು, ಮಂಡಿ ಸ್ವಲ್ಪ ಅಗಲ ಮಾಡಿಕೊಂಡು ಕೂತರೆ ಊರೆಲ್ಲ ಸುತ್ತಬಹುದು. ಬೆನ್ನಿಗೆ ಗಿಟಾರ್ ಬ್ಯಾಗ್. ಇದಕ್ಕೆ ಮುಂಚೆ ನನ್ನ ಹತ್ತಿರ 15 ಇಂಚಿನ ಸ್ಪೀಕರ್ ಇದ್ದ ಒಂದು ಹಳೇ ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ) ಇತ್ತು, ಕಂಪನಿ ಹೆಸರು ಬೇಡ. ಅದನ್ನು ಎತ್ತುವುದಕ್ಕೆ ಇಬ್ಬರು ಬೇಕು. ಆಟೋದವರು ಅದನ್ನು ನೋಡಿದ ತಕ್ಷಣ ಮೀಟರ್ ಮಾತು ಬಿಟ್ಟುಬಿಡುತ್ತಿದ್ದರು. ಹಾಡಿನ ಪೇಮೆಂಟಿನಲ್ಲಿ ಒಂದು ಪಾಲು ಅದರ ಪ್ರಯಾಣಕ್ಕೇ ಹೋಗುತ್ತಿತ್ತು. ಬೇಸ್ ಆಂಪ್ ಅಂದರೆ ಭಾರ ಇರಲೇಬೇಕು ಅನ್ನುವ ನಂಬಿಕೆ ಹಳೆಯದು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಗೊತ್ತಲ್ವಾ? 300 ವ್ಯಾಟ್, ಒಳಗೆ ಗಾಜಿನ ವಾಲ್ವ್‌ಗಳು, ಕೆಳಗೆ ಹತ್ತು ಇಂಚಿನ ಎಂಟು ಸ್ಪೀಕರ್‌ಗಳ ಪೆಟ್ಟಿಗೆ. ಮೇಲಿನ ಹೆಡ್, ಅಂದರೆ ಸ್ಪೀಕರ್ ಇಲ್ಲದ ಆಂಪ್ ಭಾಗ, ಒಂದೇ 35 ಕೆಜಿ ದಾಟುತ್ತದೆ. ದೊಡ್ಡ ಮೈದಾನಕ್ಕೆ ಲಾರಿಯಲ್ಲಿ ಹೋಗುವವರಿಗೆ ಅದು ಚಂದ. ನಾನು ಹೋಗುವುದು ಸ್ಕೂಟರಿನಲ್ಲಿ.

ಆಂಪ್ ಜೊತೆ ಕವರ್ ಬರಲಿಲ್ಲ. ಸ್ಕೂಟರ್ ಸೀಟಿಗೆ ಹೊಲಿಯುವ ಅಂಗಡಿಗೆ ತೆಗೆದುಕೊಂಡು ಹೋದೆ. ಅವರು ಅಳತೆ ತಗೊಂಡು ಕಪ್ಪು ರೆಕ್ಸಿನ್‌ನಲ್ಲಿ ಹೊಲಿದುಕೊಟ್ಟರು. ಹಿಡಿಕೆಗೆ ಮೇಲೆ ಒಂದು ಸೀಳು, ಒಳಗೆ ತೆಳು ಸ್ಪಂಜು, ಪಕ್ಕದಲ್ಲಿ ಕೇಬಲ್ ಇಡಲು ಜೇಬು. ಜೇಬು ನಾನು ಕೇಳಿರಲಿಲ್ಲ, ಅವರೇ ಇರಲಿ ಬಿಡಿ ಸಾರ್ ಅಂತ ಹಾಕಿದ್ದು. ಮಳೆಗಾಲದಲ್ಲಿ ಅದೇ ಕಾಪಾಡಿದೆ.

ಸ್ಟೇಜ್‌ಗೆ ಹೋದ ತಕ್ಷಣ ನನ್ನ ಮೊದಲ ಕೆಲಸ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿಯುವುದು. ಕೂರೋದಕ್ಕಲ್ಲ, ಆಂಪ್ ಇಡೋದಕ್ಕೆ. ನೆಲದ ಮೇಲೆ ಇಟ್ಟರೆ ಸದ್ದು ಕಾಲಿನ ಮೀನಖಂಡಕ್ಕೆ ಹೊಡೆಯುತ್ತದೆ, ಕಿವಿಗೆ ಬರುವುದಿಲ್ಲ. ನಮ್ಮ ಕಡೆ ಸ್ಟೇಜ್ ಅಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ, ಮೇಲೊಂದು ಹಸಿರು ಮ್ಯಾಟು. ಕೆಳಗೆಲ್ಲ ಟೊಳ್ಳು. ಆಂಪ್ ಅದರ ಮೇಲೆ ನೇರ ಕೂತರೆ ಹಲಗೆಯೇ ಗುಂಯ್ ಅನ್ನಲು ಶುರುಮಾಡುತ್ತದೆ, ಯಾವ ಸ್ವರ ನುಡಿಸಿದರೂ ಒಂದೇ ಥರ ಕೇಳುತ್ತದೆ. ಕುರ್ಚಿ ಮೇಲೆ ಇಟ್ಟು ಹಿಂದಕ್ಕೆ ಸ್ವಲ್ಪ ಒರಗಿಸಿದರೆ ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕಾಸು ಖರ್ಚಿಲ್ಲದೆ ಸಿಗುವ ಸುಧಾರಣೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಆಮೇಲೆ ಗುಬಟಿಗಳು. ಎಲ್ಲವನ್ನೂ ನಡುವಿಗೆ ತರುತ್ತೇನೆ. ಲೋ ಮಿಡ್ (ನಡು ಸದ್ದಿನ ಕೆಳಭಾಗ) ಸ್ವಲ್ಪ ಮೇಲೆ, ಟ್ರೆಬಲ್ (ತೀಕ್ಷ್ಣ ಸದ್ದು) ಸ್ವಲ್ಪ ಕೆಳಗೆ. ವಿಂಟೇಜ್ ಬಟನ್ ಒತ್ತುತ್ತೇನೆ, ಕಾಂಟೂರ್ ಮುಟ್ಟುವುದಿಲ್ಲ. ಕಾಂಟೂರ್ ಒತ್ತಿದರೆ ಮನೆಯಲ್ಲಿ ಒಬ್ಬರೇ ನುಡಿಸುವಾಗ ಬಹಳ ಶ್ರೀಮಂತವಾಗಿ ಕೇಳುತ್ತದೆ. ಅದು ನಡುವಿನ ಭಾಗವನ್ನು ತಗ್ಗಿಸಿ ಕೆಳಗಿನದು, ಮೇಲಿನದು ಎರಡನ್ನೂ ಎತ್ತುತ್ತದೆ. ಕೀಬೋರ್ಡು, ರಿದಂ ಪ್ಯಾಡು, ಕೊಳಲು, ಇಬ್ಬರು ಗಾಯಕರು ಸೇರಿದ ಮೇಲೆ ಬೇಸ್ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಅಂಗಡಿಯಲ್ಲಿ ಆಂಪ್ ಪರೀಕ್ಷಿಸುವವರು ಇದೊಂದು ನೆನಪಿಟ್ಟುಕೊಳ್ಳಿ. ಅಲ್ಲಿ ಒಬ್ಬರೇ ನುಡಿಸುತ್ತೀರಿ, ಅಲ್ಲಿ ಚೆನ್ನಾಗಿ ಕೇಳಿದ್ದು ಗುಂಪಿನಲ್ಲಿ ಕೇಳಿಸದೇ ಹೋಗಬಹುದು.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಇನ್ನು ಬೇಜಾರಿನ ಮಾತು. ಬಯಲಿನಲ್ಲಿ, ನಿಜವಾದ ಡ್ರಮ್ ಸೆಟ್ ಜೊತೆ, 40 ವ್ಯಾಟ್ ಸಾಕಾಗುವುದಿಲ್ಲ. ಡ್ರಮ್ಮರ್ ಎರಡನೇ ಹಾಡಿಗೆ ಬಿಸಿಯಾದ ಮೇಲೆ ನನಗೆ ನಾನೇ ಕೇಳಿಸುವುದಿಲ್ಲ. ವಾಲ್ಯೂಮ್ ಪೂರ್ತಿ ತಿರುಗಿಸಿದರೆ ನಾಲ್ಕರಲ್ಲಿ ದಪ್ಪನೆಯ ಇ ತಂತಿಯ ಸದ್ದು ಒಡೆದ ಹಾಗೆ ಬರುತ್ತದೆ. ಇದು ಆಂಪಿನ ತಪ್ಪು ಅಂತ ಹೇಳಲಾರೆ, ಹತ್ತು ಇಂಚಿನ ಒಂದು ಸ್ಪೀಕರ್ ಇನ್ನೆಷ್ಟು ಗಾಳಿ ತಳ್ಳೀತು? ಬೇಸ್‌ನ ಇ ತಂತಿ 41 ಹರ್ಟ್ಜ್. ಇಷ್ಟು ಚಿಕ್ಕ ಪೆಟ್ಟಿಗೆ ಆ ಸ್ವರದ ತಳವನ್ನು ಜೋರಾಗಿ ಕೊಡುವುದೇ ಇಲ್ಲ, ಮೇಲಿನ 82, 123 ಹರ್ಟ್ಜ್‌ನ ಭಾಗಗಳನ್ನು ಕೇಳಿ ನಮ್ಮ ತಲೆ ತಳವನ್ನು ತಾನೇ ತುಂಬಿಕೊಳ್ಳುತ್ತದೆ. ಮೊಬೈಲ್ ಸ್ಪೀಕರಿನಲ್ಲೂ ಬೇಸ್ ಲೈನ್ ಯಾವುದು ಅಂತ ಗೊತ್ತಾಗುವುದು ಇದೇ ಕಾರಣಕ್ಕೆ.

ಹಾಗಾದರೆ 80 ವ್ಯಾಟ್ ತಗೊಂಡರೆ ಎರಡು ಪಟ್ಟು ಜೋರಾಗುತ್ತದಾ? ಆಗುವುದಿಲ್ಲ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬಲ್, ಅಂದರೆ ಗಮನಿಸಿ ಕೇಳಿದರೆ ಗೊತ್ತಾಗುವಷ್ಟು. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟು. ಜೊತೆಗೆ ಸ್ಪೀಕರ್ ಎಷ್ಟು, ಎಂಥದ್ದು ಅನ್ನುವುದೂ ಸೇರುತ್ತದೆ. ಅಂಗಡಿಯವರು ಸ್ವಲ್ಪ ಜಾಸ್ತಿ ಹಾಕಿ 60 ತಗೊಳ್ಳಿ ಅಂದಾಗ ಈ ಲೆಕ್ಕ ಒಮ್ಮೆ ಮಾಡಿ.

ಕೊನೆಗೆ ನನ್ನ ಕೋಪ ತಣ್ಣಗಾಗಿದ್ದು ಆಂಪಿನ ಹಿಂಬದಿಯ ಎಕ್ಸ್‌ಎಲ್‌ಆರ್ ಸಾಕೆಟ್ (ಮೈಕ್ ಕೇಬಲ್ ಸಿಕ್ಕಿಸುವ ಜಾಗ) ನೋಡಿ. ಆರ್ಕೆಸ್ಟ್ರಾದಲ್ಲಿ ಜನ ಕೇಳುವುದು ನನ್ನ ಆಂಪ್ ಅಲ್ಲ, ಸೌಂಡ್‌ನವರ ದೊಡ್ಡ ಪೆಟ್ಟಿಗೆಗಳು. ಆ ಸಾಕೆಟ್‌ನಿಂದ ಒಂದು ಮೈಕ್ ಕೇಬಲ್ ಎಳೆದು ಮಿಕ್ಸರ್‌ಗೆ ಕೊಟ್ಟರೆ ನನ್ನ ಆಂಪಿನ ಕೆಲಸ ನನಗೆ ಕೇಳಿಸುವುದು ಅಷ್ಟೇ. ಹಾಗೆ ನೋಡಿದರೆ 40 ವ್ಯಾಟ್ ಧಾರಾಳ. ಡ್ರಮ್ ಸೆಟ್ ಇರುವ ದಿನ ಮಾನಿಟರ್‌ನಲ್ಲಿ ಸ್ವಲ್ಪ ಬೇಸ್ ಕೊಡಿ ಅಂತ ಕೇಳುತ್ತೇನೆ. ಕೊಡುತ್ತಾರೆ, ಕೆಲವು ಸಲ ಕೊಟ್ಟ ಹಾಗೆ ತಲೆ ಆಡಿಸುತ್ತಾರೆ. ಜನರೇಟರ್ ಕರೆಂಟಿನಲ್ಲಿ, ಅರ್ತಿಂಗ್ ಸರಿಯಿಲ್ಲದ ಕಡೆ, ಕೇಬಲ್ ಸಿಕ್ಕಿಸಿದ ಕೂಡಲೇ ಹಮ್ ಅನ್ನುವ ಗುಂಯ್ ಸದ್ದು ಶುರುವಾಗುತ್ತದೆ. ಸಾಕೆಟ್ ಪಕ್ಕದಲ್ಲಿರುವ ಗ್ರೌಂಡ್ ಲಿಫ್ಟ್ ಬಟನ್ (ಆ ಕೇಬಲ್‌ನ ಅರ್ತ್ ಸಂಪರ್ಕ ಬಿಡಿಸುವುದು) ಒತ್ತಿದರೆ ಬಹಳ ಸಲ ಹೋಗುತ್ತದೆ. ಕೆಲವರು ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದು ಹಮ್ ಓಡಿಸುತ್ತಾರೆ. ದಯವಿಟ್ಟು ಬೇಡ. ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯುವುದು ಇಂಥ ಕಡೆಯೇ.

ಈಗ ಪೆಡಲ್‌ಗಳು. ಜೋರು ಸದ್ದನ್ನು ಅದುಮಿ ಸಮ ಮಾಡುವ ಕಂಪ್ರೆಸರ್ ಇಟ್ಟುಕೊಂಡಿದ್ದೇನೆ, ಎಂಎಕ್ಸ್‌ಆರ್ ಎಂ87. ಎಷ್ಟು ಅದುಮುತ್ತಿದೆ ಅಂತ ತೋರಿಸುವ ಪುಟ್ಟ ದೀಪಗಳ ಸಾಲು ಅದರ ಮೇಲಿದೆ. ಬೆರಳು ಎಷ್ಟು ಏರುಪೇರಾಗಿ ಬೀಳುತ್ತದೆ ಅನ್ನುವುದನ್ನು ಆ ದೀಪಗಳೇ ತೋರಿಸಿಕೊಟ್ಟವು. ಓವರ್‌ಡ್ರೈವ್, ಅಂದರೆ ಸದ್ದನ್ನು ಬೇಕೆಂದೇ ಒಡೆಸುವ ಪೆಡಲ್, ನನ್ನ ಹಾಡುಗಳಿಗೆ ಅಪರೂಪ. ನಿಮಗೆ ಬೇಕಿದ್ದರೆ ಬ್ಲೆಂಡ್ ಗುಬಟಿ ಇರುವುದನ್ನೇ ನೋಡಿ. ಗಿಟಾರ್‌ಗೆ ಮಾಡಿದ ಡ್ರೈವ್ ಪೆಡಲ್‌ಗಳಲ್ಲಿ ಬಹಳಷ್ಟು ಬೇಸ್‌ನ ತಳವನ್ನು ನುಂಗಿಬಿಡುತ್ತವೆ. ಬ್ಲೆಂಡ್ ಇದ್ದರೆ ಶುದ್ಧ ಸದ್ದು ಕೆಳಗೆ ಹಾಗೇ ನಿಲ್ಲುತ್ತದೆ, ಮೇಲೆ ಕರಕರ ಸೇರುತ್ತದೆ. ಹೆಲ್ಸಿಂಕಿಯ ಡಾರ್ಕ್‌ಗ್ಲಾಸ್‌ನವರ ಪೆಡಲ್‌ಗಳನ್ನು ಜನ ಹುಡುಕಿಕೊಂಡು ಹೋಗುವುದಕ್ಕೆ ಇದೂ ಒಂದು ಕಾರಣ. ಆಂಪೇ ಬೇಡ ಅನ್ನುವವರಿಗೆ ಟೆಕ್ 21 ಕಂಪನಿಯ ಸಾನ್ಸ್‌ಆಂಪ್ ಬೇಸ್ ಡ್ರೈವರ್ ಇದೆ. ಆಂಪಿನ ಕೆಲಸ ತಾನೇ ಮಾಡಿ ನೇರ ಮಿಕ್ಸರ್‌ಗೆ ಸದ್ದು ಕಳಿಸುವ, 1990ರ ದಶಕದಿಂದ ಇರುವ ಡಬ್ಬಿ. ಮಿಕ್ಸರ್‌ನ ಫ್ಯಾಂಟಮ್ ಪವರ್‌ನಲ್ಲೇ (ಮೈಕ್ ಕೇಬಲ್‌ನಲ್ಲೇ ಬರುವ ಕರೆಂಟು) ಓಡುತ್ತದೆ, ಅಡಾಪ್ಟರ್ ಕೂಡ ಬೇಕಿಲ್ಲ. ನಮ್ಮ ತಂಡದಲ್ಲಿ ನಾನು ಬರದ ದಿನ ನುಡಿಸುವ ಹುಡುಗ ಅದೊಂದನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಾನೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು ಇದೆ. ಇನ್ನು ಕಡಿಮೆ ದುಡ್ಡಿನಲ್ಲಿ ಎಲ್ಲದರ ರುಚಿಯೂ ನೋಡಬೇಕು ಅನ್ನುವ ಹೊಸಬರಿಗೆ ಹಲವು ಪೆಡಲ್‌ಗಳ ಕೆಲಸ ಒಂದೇ ಡಬ್ಬಿಯಲ್ಲಿ ಮಾಡುವ ಜೂಮ್ ಬಿ1 ಫೋರ್ ಸಾಕು. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಕರೆಂಟ್ ಹೋದಾಗಲೂ ಅಭ್ಯಾಸ ನಡೆಯುತ್ತದೆ.

ಟ್ಯೂನರ್ ವಿಷಯಕ್ಕೆ ಬರುತ್ತೇನೆ. ಬಾಸ್ ಕಂಪನಿಯ ಟಿಯು-3. ಬಿಳಿ ಡಬ್ಬಿ, ಕಾಲಲ್ಲಿ ಒತ್ತುವುದು. ಶ್ರುತಿ ನೋಡೋದಕ್ಕೆ ಮೊಬೈಲ್ ಆಪ್ ಸಾಕು, ಇದಕ್ಕೆ ಯಾಕೆ ದುಡ್ಡು ಸುರಿಯಬೇಕು ಅನ್ನುವವರು ಬಹಳ ಜನ. ಅವರು ನಮ್ಮ ಕಾರ್ಯಕ್ರಮಗಳಿಗೆ ಒಮ್ಮೆ ಬರಬೇಕು. ಮೂರು ಹಾಡು ಆಗಿರುತ್ತದೆ, ಅಷ್ಟರಲ್ಲಿ ನಿರೂಪಕರು ಬಂದು ಈಗ ಗಣ್ಯರಿಗೆ ಸನ್ಮಾನ ಅನ್ನುತ್ತಾರೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫೋಟೋ, ಮತ್ತೆ ಫೋಟೋ, ಆಮೇಲೆ ಎರಡು ಮಾತು ಅಂತ ಶುರುವಾಗಿ ಎಲ್ಲೋ ಹೋಗುವ ಭಾಷಣ. ನಾವು ವಾದ್ಯ ಹಿಡಿದುಕೊಂಡು ಅಲ್ಲೇ ಹಿಂದೆ ನಿಂತಿರಬೇಕು. ಆ ಹೊತ್ತಿನಲ್ಲಿ ಬೇಸ್ ಅಪಾಯಕಾರಿ ವಸ್ತು. ತಂತಿಗೆ ಶರ್ಟಿನ ಗುಂಡಿ ತಾಗಿದರೂ ಮೈದಾನದ ಎಲ್ಲ ಪೆಟ್ಟಿಗೆಗಳಲ್ಲಿ ಢುಂ ಅನ್ನುತ್ತದೆ. ಕೇಬಲ್ ಕಿತ್ತರೆ ಟಪ್ ಅಂತ ಗುಂಡು ಹೊಡೆದ ಸದ್ದು. ಆಂಪಿನ ವಾಲ್ಯೂಮ್ ಇಳಿಸಿದರೂ ಕೆಲವು ಆಂಪ್‌ಗಳಲ್ಲಿ ಮಿಕ್ಸರ್‌ಗೆ ಹೋಗುವ ಲೈನ್ ಹಾಗೇ ಇರುತ್ತದೆ.

ಟಿಯು-3 ಒತ್ತಿದರೆ ಮುಂದೆ ಏನೂ ಹೋಗುವುದಿಲ್ಲ. ಅದು ಆಂಪಿಗಿಂತ ಮೊದಲು ಇರುವುದರಿಂದ ಆಂಪೂ ಮೌನ, ಮಿಕ್ಸರೂ ಮೌನ. ಗಣ್ಯರು ಮಾತಾಡುತ್ತಿರುವಾಗ ನಾನು ಆರಾಮಾಗಿ ನಾಲ್ಕೂ ತಂತಿ ಸರಿಮಾಡಿಕೊಳ್ಳುತ್ತೇನೆ, ಮುಂದಿನ ಹಾಡಿನ ಬೇಸ್ ಲೈನನ್ನು ಸದ್ದಿಲ್ಲದೆ ಒಂದು ಸುತ್ತು ಓಡಿಸಿಕೊಳ್ಳುತ್ತೇನೆ. ಭಾಷಣ ಉದ್ದ ಆದಷ್ಟೂ ನನ್ನ ಶ್ರುತಿ ಚೊಕ್ಕಟ. ಒಂದು ಎಚ್ಚರಿಕೆ: ಇದರಲ್ಲಿ ಹೊರಗೆ ಹೋಗುವ ಸಾಕೆಟ್ ಎರಡಿದೆ. ಔಟ್‌ಪುಟ್ ಅನ್ನುವುದಕ್ಕೆ ಸಿಕ್ಕಿಸಿದರೆ ಮಾತ್ರ ಮ್ಯೂಟ್. ಬೈಪಾಸ್‌ಗೆ ಸಿಕ್ಕಿಸಿದರೆ ಶ್ರುತಿ ನೋಡುವುದೂ ಜನಕ್ಕೆ ಕೇಳಿಸುತ್ತದೆ.

ಇನ್ನೊಂದು ಉಪಕಾರ ಗಾಯಕರ ವಿಷಯದಲ್ಲಿ. ಇವತ್ತು ಗಂಟಲು ಸರಿ ಇಲ್ಲ, ಅರ್ಧ ಸ್ವರ ಇಳಿಸಿ ಅಂತ ಸ್ಟೇಜ್ ಮೇಲೆ ಕಿವಿಯಲ್ಲಿ ಹೇಳುತ್ತಾರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ನಗುತ್ತಾರೆ. ನಮ್ಮದು ಹಾಗಲ್ಲ ಅಲ್ವಾ, ಖಾಲಿ ಇ ತಂತಿ ಮೇಲೆ ನಿಂತಿರುವ ಹಾಡು ಅರ್ಧ ಸ್ವರ ಕೆಳಗಿನ ಡಿ ಶಾರ್ಪ್‌ಗೆ ಬಂದರೆ ಕೆಳಗೆ ಆ ಸ್ವರವೇ ಇರುವುದಿಲ್ಲ. ಟಿಯು-3ರಲ್ಲಿ ಫ್ಲಾಟ್ ಮೋಡ್ ಇದೆ. ಅರ್ಧ ಇಳಿಸುತ್ತೇನೆ ಅಂತ ಹೇಳಿಟ್ಟರೆ ತಂತಿ ಡಿ ಶಾರ್ಪ್‌ಗೆ ಬಂದಾಗ ಇ ಅಂತಲೇ ತೋರಿಸುತ್ತದೆ. ತಲೆಯಲ್ಲಿ ಲೆಕ್ಕ ಹಾಕುವ ಕಷ್ಟ ಇಲ್ಲ. ಆ ಕತ್ತಲೆ, ಹೊಗೆ, ಬಣ್ಣದ ಲೈಟುಗಳ ನಡುವೆ ಅದರ ದೀಪಗಳು ಚೆನ್ನಾಗಿ ಕಾಣುತ್ತವೆ. ಹಗಲು ಕಾರ್ಯಕ್ರಮಕ್ಕೆ ಹೈ ಬ್ರೈಟ್‌ನೆಸ್ ಹಾಕಬಹುದು, ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಅಡಾಪ್ಟರ್ ಇರಲಿ. 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್ ಇರುವುದು. ಟ್ಯೂನರ್‌ನಿಂದಲೇ ಪಕ್ಕದ ಕಂಪ್ರೆಸರ್‌ಗೂ ಒಂದು ವೈರ್ ಎಳೆದುಕೊಂಡಿದ್ದೇನೆ. ಹಾಗಾಗಿ ನೆಲದ ಮೇಲೆ ಎರಡೇ ಡಬ್ಬಿ, ಒಂದೇ ಪ್ಲಗ್ಗು. ಕಾರ್ಯಕ್ರಮ ಮುಗಿದ ಮೇಲೆ ಶಾಮಿಯಾನದವರು ಕುರ್ಚಿ ಜೋಡಿಸುವಷ್ಟರಲ್ಲಿ ನನ್ನದು ಪ್ಯಾಕ್ ಆಗಿರುತ್ತದೆ.

ಆಂಪ್ ನನಗೆ ಹತ್ತಿರ ಹತ್ತಿರ ಎರಡು ತಿಂಗಳ ಬಾಡಿಗೆಯಷ್ಟು ಬಿತ್ತು. ಟ್ಯೂನರ್ ಅದರ ಮುಂದೆ ಅಗ್ಗ. ಆದರೆ ಎರಡರಲ್ಲಿ ಒಂದನ್ನು ಮನೆಯಲ್ಲಿ ಬಿಟ್ಟು ಹೋಗಬೇಕು ಅಂದರೆ ನಾನು ಆಂಪ್ ಬಿಡುತ್ತೇನೆ. ಸೌಂಡ್‌ನವರ ಹತ್ತಿರ ಒಂದು ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರ್‌ಗೆ ಸೇರಿಸುವ ಡಬ್ಬಿ) ಇದ್ದೇ ಇರುತ್ತದೆ, ಮಾನಿಟರ್ ಇರುತ್ತದೆ, ಹೇಗೋ ಸಾಗುತ್ತದೆ. ಮ್ಯೂಟ್ ಇಲ್ಲದೆ ಸನ್ಮಾನ ಸಮಾರಂಭದಲ್ಲಿ ನಿಲ್ಲುವುದು ಇನ್ನು ನನ್ನಿಂದ ಆಗದು.

ಐದು ತಂತಿಯ ಬೇಸ್ ಇರುವವರು ರಂಬಲ್ 40 ಬಿಟ್ಟು ಮೇಲಿನದನ್ನು ನೋಡಿ. ಬಿ ತಂತಿ 31 ಹರ್ಟ್ಜ್‌ಗೆ ಇಳಿಯುತ್ತದೆ, ಅಷ್ಟು ಕೆಳಗೆ ಇದಕ್ಕೆ ದಮ್ಮಿಲ್ಲ. 12 ಇಂಚಿನ ರಂಬಲ್ 100 ಇದಕ್ಕಿಂತ ಎರಡು ಕೆಜಿಯಷ್ಟೇ ಜಾಸ್ತಿ, ಆದರೆ ಪೆಟ್ಟಿಗೆ ದೊಡ್ಡದು, ನಿಮ್ಮ ಸ್ಕೂಟರ್‌ನಲ್ಲಿ ಕೂರುತ್ತದಾ ಅಂತ ಅಳತೆ ತಗೊಂಡೇ ಹೋಗಿ. ಮನೆಯಲ್ಲಿ ಮಾತ್ರ ನುಡಿಸುವವರಿಗೆ ಇದೂ ಜಾಸ್ತಿಯೇ, ರಂಬಲ್ 15 ಅಥವಾ 25 ಸಾಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಖಾಲಿ ಇ ತಂತಿ ಮೀಟಿ ಅರ್ಧ ವಾಲ್ಯೂಮ್‌ನಲ್ಲಿ ಪೆಟ್ಟಿಗೆ ಕಿರಕಿರ ಅನ್ನುತ್ತದಾ ಕೇಳಿ, ಒಂದೊಂದೇ ಗುಬಟಿ ಪೂರ್ತಿ ತಿರುಗಿಸಿ ಕರಕರ ಬರುತ್ತದಾ ನೋಡಿ, ಎಕ್ಸ್‌ಎಲ್‌ಆರ್‌ನಿಂದ ಯಾವುದಾದರೂ ಮಿಕ್ಸರ್‌ಗೆ ಕೊಟ್ಟು ನೋಡಿ. ಮಾರುವವರು ಹೆಡ್‌ಫೋನ್ ಹಾಕಿಸಿ ಕೇಳಿಸಿದರೆ ಅದನ್ನು ಕಿತ್ತು ಇನ್ನೊಮ್ಮೆ ನುಡಿಸಿ. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ಆಫ್ ಆಗುತ್ತದೆ, ಸ್ಪೀಕರ್ ಹರಿದಿದ್ದರೂ ನಿಮಗೆ ಗೊತ್ತಾಗುವುದಿಲ್ಲ.